ಹೌದು, ಕಾಗೆಗೂ ಪೋಸ್ಟ್‌ಮಾರ್ಟಂ ಬೇಕು

ನಮಸ್ಕಾರ, ಚಿಕ್ಕಬಳ್ಳಾಪುರದಿಂದ ಮಾತಾಡ್ತಿದ್ದೀನಿ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಕಾಗೆ ಸತ್ರೆ ಅದಕ್ಕೂ ಪೋಸ್ಟ್‌ಮಾರ್ಟಂ ಮಾಡಿಸ್ಬೇಕೇನ್ರೀ?" ಅದಕ್ಕೆ ರಾಶಿ ಲೈಕು ಬೇರೆ.

ಮಾಡಿಸ್ಬೇಕು ಸ್ವಾಮಿ, ಹಕ್ಕಿಜ್ವರ ಇದೆಯಾ ಅಂತ ತಿಳಿಯೋಕೆ.

2025ರಲ್ಲಿ ನಮ್ಮ ತಾಲ್ಲೂಕಿನ ವರದಹಳ್ಳಿಗೇ ಹಕ್ಕಿಜ್ವರ ಬಂದಿತ್ತು, ಮರೆತುಹೋಯ್ತಾ? ಇಂಥ ಕಡೆ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕು, ಹತ್ತು ಕಿಲೋಮೀಟರ್‌ವರೆಗೂ ನಿಗಾ ಇಡಬೇಕು ಅನ್ನೋದು ನಿಯಮ. ಇರಲಿ, ಬೇಕಾದ್ದೇ. ಆದರೆ ಆ ಗೆರೆ ಎಲ್ಲಿದೆ ಅಂತ ಕಾಗೆಗೆ ಯಾರು ಹೇಳಿದ್ರು?

ಫಾರಂನಲ್ಲಿ ಸತ್ತ ಕೋಳೀನ ರಾತ್ರೋರಾತ್ರಿ ಚೀಲಕ್ಕೆ ತುಂಬಿ ಕೆರೆ ಏರಿ ಪಕ್ಕ ಎಸೆದು ಹೋಗೋರಿದ್ದಾರೆ. ಚಿಕನ್ ಅಂಗಡಿ ತ್ಯಾಜ್ಯಾನೂ ಅಲ್ಲೇ. ಬೆಳಕು ಹರಿದರೆ ಅದರ ಮೇಲೆ ಕಾಗೆ, ಹದ್ದು. ಅದೇ ಕಾಗೆ ಮಧ್ಯಾಹ್ನ ಶೆಡ್ ಹತ್ತಿರ ಚೆಲ್ಲಿದ ಮೇವು ತಿನ್ನುತ್ತೆ, ಗೊರವಂಕ, ಗುಬ್ಬಿ ಜೊತೇಲಿ. ವೈರಸ್ ಇರೋದು ಹಿಕ್ಕೆಯಲ್ಲಿ, ಎಂಜಲಲ್ಲಿ. ಇನ್ನೇನು ಬೇಕು?

"ವೈರಸ್ಸಿನ ಮೂಲ ನೀರುಹಕ್ಕಿ, ಕೆರೆ ನೋಡಿದ್ರೆ ಸಾಕು" ಅಂತಾರೆ. ಕಾಡುಬಾತು ವೈರಸ್ ಹೊತ್ತು ಆರಾಮಾಗಿ ಹಾರಾಡುತ್ತೆ, ನಿಜ. ಕೆ.ಸಿ. ವ್ಯಾಲಿ ಯೋಜನೆಯ ನೀರಿಂದ, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿಂದ, ಕೋಲಾರದ ಕೆರೆಗಳು ತುಂಬಿವೆ, ಅಲ್ಲೂ ನೋಡಿ, ಬೇಡ ಅಂದವರ್ಯಾರು? ಆದರೆ ಆ ಬಾತು ನಿಮ್ಮ ಹಿತ್ತಲಿಗೆ ಬರುತ್ತಾ? ಕೆರೆಗೂ ಹಿತ್ತಲಿಗೂ ಓಡಾಡೋದು ಕಾಗೆ, ಗೊರವಂಕದಂಥ ನೆಲದ ಹಕ್ಕಿ. ಶಿರಾ ತಾಲ್ಲೂಕಿನ ಕಗ್ಗಲಡು ನೋಡಿ, ಊರೊಳಗಿನ ಹುಣಸೆ ಮರದಲ್ಲೇ ಕೊಕ್ಕರೆ ಗೂಡು. ಮೇಲೆ ಕೊಕ್ಕರೆ, ಕೊಂಬೆಗೆ ಕಾಗೆ, ಬುಡದಲ್ಲಿ ನಾಟಿಕೋಳಿ. (ಕಗ್ಗಲಡು ವಿಡಿಯೋ ನಮ್ಮ ಚಾನೆಲ್‌ನಲ್ಲೇ ಇದೆ, ನೋಡದೇ ಇರೋರು ನೋಡಿ.)

2020ರ ಡಿಸೆಂಬರ್ ಕೊನೆಯಲ್ಲಿ, 2021ರ ಜನವರಿಯಲ್ಲಿ ರಾಜಸ್ಥಾನದ ಝಾಲಾವಾಡ, ಮಧ್ಯಪ್ರದೇಶದ ಇಂದೋರ್ ಕಡೆ ಕಾಗೆಗಳು ಸತ್ತುಬಿದ್ದವು. ಸ್ಯಾಂಪಲ್ ಭೋಪಾಲದ ಲ್ಯಾಬಿಗೆ ಹೋಯ್ತು, ಎಚ್5ಎನ್8 ಅನ್ನೋ ಹಕ್ಕಿಜ್ವರದ ವೈರಸ್ ಅಂತ ಗೊತ್ತಾಯ್ತು. ಯಾರೋ ಒಬ್ಬರು ಸತ್ತ ಕಾಗೇನ ಲೆಕ್ಕಕ್ಕೆ ತಗೊಂಡಿದ್ದಕ್ಕೇ ತಾನೆ?

ಪಶು ಇಲಾಖೆಯವರೇ, ಸಾಯೋವರೆಗೂ ಯಾಕೆ ಕಾಯ್ಬೇಕು? ಬಲೆ ಹಾಕಿ ಹಿಡೀರಿ, ಗಂಟಲಿಂದ, ಗುದದ್ವಾರದಿಂದ ಸ್ವಾಬ್ ತಗೊಳ್ಳಿ, ಹಕ್ಕೀನ ಬಿಟ್ಬಿಡಿ, ಸ್ಯಾಂಪಲ್ ಐಸ್ ಪೆಟ್ಟಿಗೇಲಿ ಕಳಿಸಿ. ವರ್ಷವಿಡೀ ಮಾಡಿ, ಕೋಳಿ ಸತ್ತಾಗ ಮಾತ್ರ ಅಲ್ಲ. "ನೂರು ಹಕ್ಕಿ ನೋಡಿದ್ರೂ ಒಂದರಲ್ಲೂ ಸಿಗಲ್ಲ" ಅಂತೀರಾ? ಸಿಗದಿದ್ರೆ ಒಳ್ಳೇದೇ, ಬರೆದಿಡಿ! ನೋಡದೇನೇ ಇಲ್ಲ ಅನ್ನೋದು ಯಾವ ನ್ಯಾಯ?

"ಕೋಳಿ ರೇಟ್ ಬೀಳುತ್ತೆ" ಅನ್ನೋರೇ, ರೇಟ್ ಬೀಳಿಸೋದು ವಾಟ್ಸಾಪ್ ಪುಕಾರು. 70 ಡಿಗ್ರಿಗೆ ಬೆಂದ ಮಾಂಸದಲ್ಲಿ ಈ ವೈರಸ್ ಉಳಿಯಲ್ಲ. ಇಷ್ಟು ಹೇಳೋಕೆ ಭಯ ಯಾಕೆ? ಕಾಗೆ ನೋಡಿ ಅಂದ್ರೆ ನೋಡ್ಬೇಕು, ಅಷ್ಟೇ! ಹದ್ದು ನೋಡಿ, ನವಿಲು ನೋಡಿ, ಗೊರವಂಕ ನೋಡಿ!

ಮಧುಗಿರಿ, ಚಿಂತಾಮಣಿ, ಮಾಲೂರು ಕಡೆಯವರೇ, ಒಂದೇ ಜಾಗದಲ್ಲಿ ಎರಡು ಮೂರು ಹಕ್ಕಿ ಸತ್ತು ಬಿದ್ದಿದ್ರೆ ಬರಿಗೈಲಿ ಮುಟ್ಟಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಯಾರೂ ಬರಲಿಲ್ಲ ಅಂದ್ರೆ ವಿಡಿಯೋ ಮಾಡಿ ನನಗೆ ಕಳಿಸಿ, ಊರಿನ ಹೆಸರು ಹೇಳಿ ಚಾನೆಲ್‌ನಲ್ಲಿ ಹಾಕ್ತೀನಿ. ಸಬ್‌ಸ್ಕ್ರೈಬ್ ಮಾಡಿ, ಫಾರಂ ಇಟ್ಟಿರೋ ನೆಂಟರಿಗೆ ಇವತ್ತೇ ಶೇರ್ ಮಾಡಿ.