ಚುರುಕು ಮಕ್ಕಳನ್ನು ಕೊಡಗಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಬೇಕು?

[ದೃಶ್ಯ: ಮಡಿಕೇರಿ ರಾಜಾಸೀಟಿನ ಹತ್ತಿರ ಸಾಲಾಗಿ ನಿಂತ ಶಾಲಾ ಪ್ರವಾಸದ ಬಸ್ಸುಗಳು]

ನಮಸ್ಕಾರ. ಡಿಸೆಂಬರ್ ಬಂತು ಅಂದರೆ ಮಡಿಕೇರಿ ತುಂಬ ಈ ಬಸ್ಸುಗಳದ್ದೇ ಕಾರುಬಾರು. ಬೆಳಿಗ್ಗೆ ದುಬಾರೆ, ಅಲ್ಲಿಂದ ಭಾಗಮಂಡಲ, ತಲಕಾವೇರಿ, ದಾರಿಯಲ್ಲೆಲ್ಲೋ ಚಿತ್ರಾನ್ನ, ಆಮೇಲೆ ಅಬ್ಬಿ, ಸೂರ್ಯ ಮುಳುಗೋ ಹೊತ್ತಿಗೆ ರಾಜಾಸೀಟು. ಮಕ್ಕಳಿಗೆ ಖುಷಿ, ಬೇಡ ಅನ್ನೋಕೆ ನಾನ್ಯಾರು. ಆದರೆ ಅದು ಪ್ರವಾಸ. ಪ್ರೈಮರಿ ಶಾಲೆಯ ಪ್ರತಿಭಾವಂತ ಮಕ್ಕಳಿಗೆ ಬೇಕಾಗಿರೋದು ಬೇರೆ. ಅವರಿಗೆ ಐದು ಜಾಗ ಬೇಡ. ಒಂದೇ ಜಾಗ ಸಾಕು, ಅಲ್ಲಿಗೆ ಮತ್ತೆ ಮತ್ತೆ ಹೋಗಬೇಕು, ಹೋದಾಗ ಕೈಯಲ್ಲಿ ಅಳೆಯೋದಕ್ಕೆ ಏನಾದರೂ ಇರಬೇಕು.

ಪ್ರತಿಭಾವಂತ ಅಂದ ತಕ್ಷಣ ನಮ್ಮ ಕಣ್ಣು ಹೋಗೋದು ಮೊದಲ ರ‍್ಯಾಂಕಿನ ಕಡೆಗೆ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಜೋಸೆಫ್ ರೆನ್ಜುಲಿ 1978ರಲ್ಲಿ ಬೇರೆ ಲೆಕ್ಕ ಕೊಟ್ಟರು. ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಹೊಸದಾಗಿ ಯೋಚಿಸೋ ಗುಣ, ಹಿಡಿದ ಕೆಲಸ ಬಿಡದ ಹಟ, ಈ ಮೂರೂ ಕೂಡಿದ ಕಡೆ ಪ್ರತಿಭೆ ಅಂದರು. ಪರೀಕ್ಷೆ ಮೊದಲನೆಯದನ್ನ ಅಷ್ಟೋ ಇಷ್ಟೋ ಅಳೆಯುತ್ತೆ. ಉಳಿದ ಎರಡು ಕಾಣಬೇಕಾದರೆ ಮಗುವಿನ ಕೈಗೆ ಕೆಲಸ ಕೊಡಬೇಕು.

ಕೊಡಗಿನಲ್ಲಂತೂ ಇದು ಇನ್ನೂ ಮುಖ್ಯ. ಕಾಫಿ ತೋಟದ ಲೈನ್ ಮನೆಯ, ಅಂದರೆ ಕೂಲಿ ಕಾರ್ಮಿಕರ ಸಾಲುಮನೆಯ, ಮಗುವಿಗೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಓದಿನಲ್ಲಿ ಹಿಂದೆ ಅಂತ ಕೊನೇ ಬೆಂಚಿಗೆ ಹೋಗಿರುತ್ತೆ. ಅದೇ ಮಗು ತೋಟದಲ್ಲಿ ಎಲೆ ನೋಡಿಯೇ ಇದು ರೊಬಸ್ಟಾ ಕಾಫಿ, ಇದು ಅರೇಬಿಕಾ ಕಾಫಿ ಅಂತ ಹೇಳಿಬಿಡಬಹುದು. ಜೇನುಕುರುಬರ ಹಾಡಿಯಿಂದ ಬರೋ ಹುಡುಗನಿಗೆ ತುಡುವೆ ಯಾವುದು, ಕೋಲುಜೇನು ಯಾವುದು, ಹೆಜ್ಜೇನು ಯಾವುದು ಅಂತ ಟೀಚರಿಗಿಂತ ಚೆನ್ನಾಗಿ ಗೊತ್ತಿರಬಹುದು. ಹಾಗಾಗಿ ಮಾರ್ಕ್ಸ್ ಕಾರ್ಡ್ ನೋಡಿ ಹತ್ತು ಮಕ್ಕಳನ್ನ ಮೊದಲೇ ಆರಿಸೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಇಡೀ ಕ್ಲಾಸನ್ನ ಕರೆದುಕೊಂಡು ಹೋಗಿ. ವಾಪಸ್ ಹೊರಡಿ ಅಂದಾಗಲೂ ಗಿಡ ಬಿಟ್ಟು ಬರದವರು ಇರ್ತಾರಲ್ಲ, ಮುಂದಿನ ಕೆಲಸ ಅವರಿಗೆ.

[ದೃಶ್ಯ: ಹೂ ಬಿಟ್ಟ ರೊಬಸ್ಟಾ ತೋಟ, ಹೂವಿನ ಮೇಲೆ ತುಡುವೆ ಜೇನು]

ಯಾವ ಕೆಲಸ? ಇದನ್ನ ನೋಡಿ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸೋ ಬೇಸಿಗೆ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಹೀಗೆ ಬೆಳ್ಳಗಾಗುತ್ತೆ. ಎರಡು ಮೂರು ದಿನ ಘಮಘಮ, ಆಮೇಲೆ ಹೂವು ಬಾಡುತ್ತೆ. ಈ ಹೂವು ಕಾಯಿ ಕಟ್ಟೋದಕ್ಕೆ ಯಾರ ಸಹಾಯ ಬೇಕು? ಅರೇಬಿಕಾ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುತ್ತೆ. ರೊಬಸ್ಟಾಗೆ ಅದು ಆಗಲ್ಲ, ಬೇರೆ ಗಿಡದ ಪರಾಗವೇ ಬರಬೇಕು, ಗಾಳಿಯಾದರೂ ತರಬೇಕು, ಜೇನಾದರೂ ತರಬೇಕು. ನಿಮಗೆ ಹೇಳಿಬಿಟ್ಟೆ. ನೀವು ಮಕ್ಕಳಿಗೆ ಹೇಳಬೇಡಿ.

ಅವರು ಮಾಡಬೇಕಾದದ್ದು ಇಷ್ಟು. ಮೊಗ್ಗು ಅರಳೋದಕ್ಕೆ ಮುಂಚೆ ರೊಬಸ್ಟಾದ ಒಂದು ಕೊಂಬೆಗೆ ದಪ್ಪ ಬಟ್ಟೆಯ ಚೀಲ ಕಟ್ಟಬೇಕು, ಇನ್ನೊಂದಕ್ಕೆ ಸೊಳ್ಳೆಪರದೆಯ ಚೀಲ, ಮೂರನೆಯದು ಹಾಗೇ ಬಿಡಬೇಕು. ಪಕ್ಕದಲ್ಲಿ ಅರೇಬಿಕಾ ಇದ್ದರೆ ಅದಕ್ಕೂ ಇದೇ ಮೂರು. ಕಟ್ಟೋ ಮೊದಲು ಮೊಗ್ಗು ಎಣಿಸಬೇಕು. ಇಲ್ಲೇ ಮೊದಲ ಜಗಳ ಶುರುವಾಗುತ್ತೆ, ಯಾಕಂದರೆ ಒಂದೊಂದು ಗಿಣ್ಣಿನಲ್ಲೂ ಗೊಂಚಲು ಗೊಂಚಲು ಮೊಗ್ಗು, ಇಬ್ಬರು ಎಣಿಸಿದರೆ ಎರಡು ಲೆಕ್ಕ. ಆಗಲಿ ಬಿಡಿ. ಒಂದೇ ಗಿಣ್ಣು ಎಣಿಸೋಣ, ದಾರ ಕಟ್ಟಿ ಗುರುತು ಮಾಡೋಣ, ಇಬ್ಬರೂ ಎಣಿಸಿ ಸರಿಹೋದರೆ ಮಾತ್ರ ಬರೆಯೋಣ ಅಂತ ಅವರೇ ದಾರಿ ಹುಡುಕಲಿ. ಹೂವು ಬಾಡಿದ ಮೇಲೆ ಚೀಲ ಬಿಚ್ಚಬೇಕು.

ಕಾಯಿ ಎಣಿಸೋದು ಜೂನಿನಲ್ಲಿ, ಶಾಲೆ ಮತ್ತೆ ಶುರುವಾದಾಗ. ನಾಲ್ಕನೇ ಕ್ಲಾಸಲ್ಲಿ ಚೀಲ ಕಟ್ಟಿದ ಮಗು ಐದನೇ ಕ್ಲಾಸಲ್ಲಿ ಉತ್ತರ ನೋಡುತ್ತೆ. ದೊಡ್ಡವರಿಗೆ ಇದು ತೊಂದರೆ, ಟೀಚರ್ ಬದಲಾಗಿರ್ತಾರೆ, ನೋಟ್‌ಬುಕ್ ಎಲ್ಲೋ ಹೋಗಿರುತ್ತೆ. ನನಗೆ ಮಾತ್ರ ಇದರ ಮುಖ್ಯ ಗುಣವೇ ಇದು ಅನಿಸುತ್ತೆ. ಎಲ್ಲ ಲೆಕ್ಕವನ್ನೂ ಐದು ನಿಮಿಷದಲ್ಲಿ ಮುಗಿಸಿ ಪಕ್ಕದವನ ಜಡೆಯೋ ಜೇಬೋ ಎಳೆಯೋ ಮಗುವಿಗೆ, ಬೇಗ ಮುಗಿಸೋಕೇ ಆಗದ ಒಂದು ಕೆಲಸ ಸಿಕ್ಕಿತು.

ಆಮೇಲೆ ಒಂದು ಮಗು ಕೇಳೇ ಕೇಳುತ್ತೆ: ಬಟ್ಟೆಯೊಳಗೆ ಬಿಸಿಲು ಕಮ್ಮಿ ಅಲ್ವಾ ಟೀಚರ್, ಅದಕ್ಕೇ ಕಾಯಿ ಆಗಲಿಲ್ಲವೇನೋ? ಅಂಥ ಪ್ರಶ್ನೆ ಬಂದರೆ ಆ ಮಗುವನ್ನ ಅರೇಬಿಕಾ ಗಿಡದ ಹತ್ತಿರ ಕರೆದುಕೊಂಡು ಹೋಗಿ. ಅದೇ ಬಟ್ಟೆ, ಅದೇ ನೆರಳು, ಅಲ್ಲಿ ಏನಾಗಿದೆ? ಇನ್ನು ರೊಬಸ್ಟಾದ ಸೊಳ್ಳೆಪರದೆಯ ಚೀಲದೊಳಗೆ ಜೇನು ಹೋಗಲ್ಲ, ಗಾಳಿ ಹೋಗುತ್ತೆ. ಅಲ್ಲಿ ನಾಲ್ಕು ಕಾಯಿ ಇದ್ದರೆ ಅದಕ್ಕೆ ಅರ್ಥ ಏನು? ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿಯ ಉಪ ಸಂಶೋಧನಾ ಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಮಕ್ಕಳನ್ನ ಅಲ್ಲಿಗೆ ಕರೆದುಕೊಂಡು ಹೋಗೋ ಹಾಗಿದ್ದರೆ ಈ ಎಣಿಕೆ ಆದಮೇಲೆ ಹೋಗಿ. ಮೊದಲೇ ಹೋದರೆ ಭಾಷಣ ಕೇಳಿಕೊಂಡು ಬರ್ತಾರೆ. ಲೆಕ್ಕ ಕೈಯಲ್ಲಿ ಹಿಡಿದು ಹೋದರೆ ವಿಜ್ಞಾನಿಗಳ ಹತ್ತಿರ ವಾದ ಮಾಡ್ತಾರೆ.

[ದೃಶ್ಯ: ಬಾಟಲಿಯ ಮಳೆಮಾಪಕ, ಪಕ್ಕದಲ್ಲಿ ಸ್ಕೇಲು]

ಮಳೆಗಾಲದ ಕೆಲಸ ಇನ್ನೂ ಸುಲಭ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡೋದು ಹಳೇ ಅಭ್ಯಾಸ, ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ನೇರ ಗೋಡೆಯ ಬಾಟಲಿಯ ತಲೆ ಕತ್ತರಿಸಿ ಅದನ್ನೇ ತಲೆಕೆಳಗಾಗಿ ಇಟ್ಟರೆ ಮಳೆಮಾಪಕ ತಯಾರು. ತಳ ಸಮ ಇರಲ್ಲ, ಅದಕ್ಕೆ ಸ್ವಲ್ಪ ಕಲ್ಲು ಹಾಕಿ, ಗುರುತಿನವರೆಗೆ ನೀರು ತುಂಬಿ, ಅಲ್ಲಿಂದ ಸೊನ್ನೆ ಅಂತ ಎಣಿಸಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ಹವಾಮಾನ ಇಲಾಖೆಯ ಹೊತ್ತೂ ಅದೇ. ಮಳೆ ರಜೆ ಕೊಟ್ಟ ದಿನವೂ ಇದು ನಿಲ್ಲಲ್ಲ, ಆ ದಿನದ ಲೆಕ್ಕವೇ ತಾನೇ ಬೇಕಾಗಿರೋದು!

ಭಾಗಮಂಡಲದ ಕಡೆಯ ಒಂದು ಶಾಲೆ, ಕುಶಾಲನಗರದ ಕಡೆಯ ಒಂದು ಶಾಲೆ ವಾಟ್ಸಾಪಿನಲ್ಲಿ ಲೆಕ್ಕ ಹಂಚಿಕೊಂಡರೆ ಮಕ್ಕಳು ದಂಗಾಗ್ತಾರೆ. ಒಂದೇ ಜಿಲ್ಲೆ, ಒಂದೇ ದಿನ, ಅಲ್ಲಿ ಇಂಚುಗಟ್ಟಲೆ, ಇಲ್ಲಿ ಸೆಂಟುಗಳಲ್ಲಿ. ಘಟ್ಟ ಮೋಡವನ್ನ ತಡೆದು ಮಳೆ ಸುರಿಸಿಕೊಂಡು, ಆಚೆ ಕಡೆಗೆ ಒಣಗಾಳಿ ಬಿಡುತ್ತೆ ಅನ್ನೋದು ಪುಸ್ತಕದ ಚಿತ್ರವಾಗಿ ಉಳಿಯಲ್ಲ. ಚುರುಕು ಮಗುವಿಗೆ ಇನ್ನೊಂದು ಲೆಕ್ಕ ಕೊಡಿ: ಒಂದು ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ಲೀಟರ್? ಒಂದು ಲಕ್ಷಕ್ಕಿಂತ ಹೆಚ್ಚು. ಐದು ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು! 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನ ಮನೆಯಲ್ಲಿ ಕೇಳಿ ಬೆಳೆದ ಮಕ್ಕಳು ಇವರು. ಈ ಅಂಕಿ ಕಂಡಮೇಲೆ ಅವರ ಪ್ರಶ್ನೆಗಳು ಬೇರೆ ಆಗ್ತವೆ.

ದುಬಾರೆಯ ಆನೆ ಶಿಬಿರಕ್ಕೆ ಹೋಗಲೇಬೇಕು ಅಂದರೆ ಒಂದು ದಾರದ ಉಂಡೆ ಇಟ್ಟುಕೊಳ್ಳಿ. ಆನೆಯ ಮುಂಗಾಲಿನ ಪಾದದ ಸುತ್ತಳತೆಯ ಎರಡು ಪಟ್ಟು, ಹೆಚ್ಚುಕಮ್ಮಿ ಅದರ ಭುಜದ ಎತ್ತರ. ಕೆಸರಿನ ಹೆಜ್ಜೆ ಗುರುತನ್ನ ಅಳೆದು, ಎತ್ತರ ಊಹಿಸಿ, ಮಾವುತರನ್ನ ಕೇಳಿ ತಾಳೆ ನೋಡಲಿ. ಶಿಬಿರದಲ್ಲಿ ಮಾತ್ರ. ತೋಟದಲ್ಲಿ ಹೊಸ ಹೆಜ್ಜೆ ಕಂಡರೆ ಅಳತೆ ಬೇಡ, ವಾಪಸ್ ಬನ್ನಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿಭಾವಂತ ಮಕ್ಕಳಿಗಾಗಿ ವಿಷಯವಾರು ಕ್ಲಬ್ಬುಗಳು, ಪ್ರಾಜೆಕ್ಟು ಅಂತೆಲ್ಲ ಇದೆ. ಅದರ ಸುತ್ತೋಲೆ ಬರಲಿ ಅಂತ ಕಾಯಬೇಕಿಲ್ಲ. ತೋಟದವರ ಹತ್ತಿರ ಮಾತಾಡಿ, ಔಷಧಿ ಹೊಡೆದ ಜಾಗಕ್ಕೆ ಹೋಗಬೇಡಿ, ಹೆಜ್ಜೇನು ಕಟ್ಟಿದ ಮರ ಎಲ್ಲಿದೆ ಅಂತ ತೋಟದ ಕೆಲಸ ನೋಡಿಕೊಳ್ಳೋ ರೈಟರನ್ನ ಮೊದಲೇ ಕೇಳಿ, ಚಪ್ಪಲಿ ಬದಲು ಬೂಟು ಹಾಕಿಸಿ. ಹೂಮಳೆ ಯಾವತ್ತು ಬರುತ್ತೋ ಯಾರಿಗೂ ಗೊತ್ತಿಲ್ಲ, ಆದರೆ ಈಗ ಎಷ್ಟೋ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸ್ತಾರೆ. ಯಾವ ದಿನ ಸ್ಪ್ರಿಂಕ್ಲರ್ ಅಂತ ಫೆಬ್ರವರಿ ಶುರುವಿನಲ್ಲೇ ಒಂದು ಫೋನ್ ಮಾಡಿ ಕೇಳಿ. ಚೀಲ ಕಟ್ಟೋದಕ್ಕೆ ಅಲ್ಲಿಂದ ಒಂದು ವಾರ ಸಮಯ ಸಿಗುತ್ತೆ.