ಬಾಗಿಲಿಗೆ ಸ್ಟಿಕ್ಕರ್ ಹಚ್ಚಿದವರು

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಮುಗಿಸಿ ನಿಮ್ಮಲ್ಲಿ ಹಲವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗುತ್ತೀರಿ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ಮೊದಲ ದಿನವೇ ನಿಮಗೆ ಸಿಗುತ್ತಾರೆ. ಕೋವಿಡ್‌ನಲ್ಲಿ ಅವರು ಪಟ್ಟ ಪಾಡು ಹೇಳಿ ಅಂತ ಕರೆದಿದ್ದೀರಿ. ಮಾಸ್ಕ್ ಇರಲಿಲ್ಲ, ಗ್ಲೌಸ್ ಇರಲಿಲ್ಲ, ಬಸ್ ಇರಲಿಲ್ಲ, ಇದೆಲ್ಲ ನಿಮಗೆ ಗೊತ್ತೇ ಇದೆ. ನಾನು ಒಂದು ಸ್ಟಿಕ್ಕರಿನ ಕತೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ, ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಅಂತ ಲೆಕ್ಕ ಹಾಕಿದರು. ಆಕೆ ಅದೇ ಊರಿನ ಹೆಂಗಸಾಗಿರಬೇಕು ಅಂತಲೂ ನಿಯಮ ಮಾಡಿದರು. ಯಾಕೆ? ಹೊರಗಿನ ನಾವು ಹೋದರೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ಆಶಾ ಸೀದಾ ಅಡುಗೆಮನೆಗೆ ಹೋಗುತ್ತಾರೆ. ಯಾರಿಗೆ ಮುಟ್ಟು ನಿಂತಿದೆ, ಯಾರು ಟಿಬಿ ಮಾತ್ರೆ ನುಂಗದೆ ಸೂರಿಗೆ ಸಿಕ್ಕಿಸಿದ್ದಾರೆ, ಎಲ್ಲ ಅಲ್ಲೇ ಗೊತ್ತಾಗುವುದು. ಇಡೀ ಯೋಜನೆ ನಿಂತಿರುವುದೇ ಆ ಸಲಿಗೆಯ ಮೇಲೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ದುಡಿಯಲು ಹೋದವರು ಊರಿಗೆ ಮರಳಿದರು. ಯಾರು ಬಂದರು, ಎಲ್ಲಿಂದ ಬಂದರು ಅಂತ ಪಟ್ಟಿ ಮಾಡಿ, ಅವರನ್ನು 14 ದಿನ ಮನೆಯಲ್ಲೇ ಇರಿಸಿ, ಬಾಗಿಲಿಗೆ ಸ್ಟಿಕ್ಕರ್ ಹಚ್ಚುವ ಕೆಲಸ ಆಶಾ ತಲೆಗೆ ಬಿತ್ತು. ಒಂದು ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಆ ಮನೆಯ ಸೊಸೆಯನ್ನು ಎರಡು ಹೆರಿಗೆಗೂ ಆಸ್ಪತ್ರೆಗೆ ಕರೆದೊಯ್ದವರು ಇದೇ ಆಶಾ. ಬಾಗಿಲಿನ ಬಣ್ಣ ಎದ್ದಿತ್ತು, ಸ್ಟಿಕ್ಕರಿನ ಒಂದು ಮೂಲೆ ನಿಲ್ಲುತ್ತಲೇ ಇರಲಿಲ್ಲ. ಅವರು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ನಿಂತಿದ್ದರು. ಒಳಗಿನಿಂದ ಅತ್ತೆ ಕೇಳಿದರು: "ಅಡುಗೆಮನೆವರೆಗೂ ಬರ್ತಿದ್ದವಳು ಇವತ್ತು ನಮ್ಮ ಬಾಗಿಲಿಗೇ ಹಚ್ಚಿ ಹೋಗ್ತೀಯೇನೇ?" ಇವರು ಬಾಯಿ ಬಿಡಲಿಲ್ಲ. ಹೆಬ್ಬೆರಳನ್ನೂ ತೆಗೆಯಲಿಲ್ಲ.

ಆಮೇಲೆ ನಲ್ಲಿ ಹತ್ತಿರ ಇವರು ಹೋದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಮನೆಮನೆ ಸುತ್ತುವವಳು, ರೋಗ ತರುತ್ತಾಳೆ ಅಂತ. ಗಂಡನನ್ನು ಕೂಲಿಗೆ ಕರೆಯುವುದನ್ನೂ ನಿಲ್ಲಿಸಿದರು. ಸಂಜೆ ಹಿತ್ತಲಲ್ಲಿ ಸ್ನಾನ ಮಾಡಿ, ಸೀರೆ ನೆನೆಹಾಕಿ, ಆಮೇಲೆಯೇ ಮಕ್ಕಳ ಹತ್ತಿರ ಹೋಗುತ್ತಿದ್ದರು. ಇದ್ದದ್ದು ಎರಡು ಬಟ್ಟೆ ಮಾಸ್ಕ್. ಒಂದು ಒಣಗುವವರೆಗೆ ಇನ್ನೊಂದು.

ದುಡ್ಡಿನ ವಿಷಯ ಹೇಳಲೇಬೇಕು. ಸರ್ಕಾರದ ಲೆಕ್ಕದಲ್ಲಿ ಆಶಾ ನೌಕರಳಲ್ಲ, ಸ್ವಯಂಸೇವಕಿ. ಬಾಣಂತಿ ಮತ್ತು ಮಗುವನ್ನು ನೋಡಲು 42 ದಿನದೊಳಗೆ ಆರು ಸಲ ಮನೆಗೆ ಹೋದರೆ 250 ರೂಪಾಯಿ. ಮಗುವಿನ ಮೊದಲ ವರ್ಷದ ಲಸಿಕೆಗಳೆಲ್ಲ ಮುಗಿದರೆ 100. ಲಾಕ್‌ಡೌನ್‌ನಲ್ಲಿ ಎಷ್ಟೋ ಕಡೆ ಲಸಿಕೆ ದಿನಗಳೇ ನಿಂತವು, ಜೊತೆಗೆ ಆ ಹಣವೂ ನಿಂತಿತು. ಕೆಲಸ ಮಾತ್ರ ಜಾಸ್ತಿಯಾಯಿತು. ಕೋವಿಡ್ ಕೆಲಸಕ್ಕೆ ಅಂತ ಕೇಂದ್ರ ಸರ್ಕಾರ ತಿಂಗಳಿಗೆ 1,000 ರೂಪಾಯಿ ಹೆಚ್ಚುವರಿ ಕೊಟ್ಟಿತು. ಕೋವಿಡ್ ಕೆಲಸದಲ್ಲಿ ಸತ್ತರೆ ಮನೆಯವರಿಗೆ 50 ಲಕ್ಷದ ವಿಮೆ ಇತ್ತು. ಬದುಕಿದ್ದಾಗ 1,000, ಸತ್ತರೆ 50 ಲಕ್ಷ! 2020ರ ಜುಲೈನಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ಗೌರವಧನ ಕೊಡಿ, ಸುರಕ್ಷಾ ಸಾಮಗ್ರಿ ಕೊಡಿ ಅಂತ ಮುಷ್ಕರ ಮಾಡಿದರು. ಇಂಥ ಹೊತ್ತಲ್ಲಿ ಮುಷ್ಕರವೇ ಅಂತ ಮೂಗು ಮುರಿದವರಿದ್ದರು. ಬೇರೆ ಹೊತ್ತಲ್ಲಿ ಕೇಳಿದಾಗ ಯಾರು ಕಿವಿಗೆ ಹಾಕಿಕೊಂಡಿದ್ದರು, ಹೇಳಿ?

ಸ್ಟಿಕ್ಕರಿಗೆ ನಾವು ತೆತ್ತ ಬೆಲೆ ಗೊತ್ತಾಗಿದ್ದು ಎರಡನೇ ಅಲೆಯಲ್ಲಿ. 2021ರ ಮೇ ತಿಂಗಳು. ಜ್ವರ ಇದೆಯಾ ಅಂದರೆ ಎಲ್ಲ ಮನೆಯಲ್ಲೂ ಇಲ್ಲ ಅನ್ನುವ ಉತ್ತರ. ಒಳಗೆ ಯಾರೋ ಕೆಮ್ಮು ತಡೆದುಕೊಳ್ಳುತ್ತಿರುವುದು ಹೊರಗೇ ಕೇಳಿಸುತ್ತಿತ್ತು. ಅವತ್ತು ಸ್ಟಿಕ್ಕರ್ ಹಚ್ಚಿದ ಆ ಮನೆಯಲ್ಲೂ ಅದೇ ಕತೆ. ಆಶಾ ವಾದಕ್ಕೆ ಇಳಿಯಲಿಲ್ಲ. ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಮೊದಲು ತಮ್ಮ ಬೆರಳಿಗೇ ಸಿಕ್ಕಿಸಿಕೊಂಡರು. "ನೋಡಿ ಅಜ್ಜಾ, 98. ಕಚ್ಚೋದೂ ಇಲ್ಲ, ಚುಚ್ಚೋದೂ ಇಲ್ಲ." ತುಂಬಾ ಹೊತ್ತಾದ ಮೇಲೆ ಅಜ್ಜ ಬಾಗಿಲ ಸಂದಿಯಿಂದ ಬೆರಳು ಚಾಚಿದರು. 89 ತೋರಿಸಿತು. ಬೆರಳು ತಣ್ಣಗಿದ್ದರೆ ಅದು ತಪ್ಪು ತೋರಿಸುತ್ತದೆ. ಇವರಿಗೆ ಅದು ಗೊತ್ತಿತ್ತು. ಬೆರಳು ಉಜ್ಜಿ ಬಿಸಿ ಮಾಡಿ ಮತ್ತೆ ನೋಡಿದರು. 90. ನಮಗೆ ಹೇಳಿದ್ದು 94ಕ್ಕಿಂತ ಕೆಳಗಿದ್ದರೆ ಕಾಯಬೇಡಿ ಅಂತ. 108ಕ್ಕೆ ಫೋನ್ ಮಾಡಿದರು. ಆಂಬುಲೆನ್ಸ್ ಬರುವವರೆಗೆ ಅಜ್ಜನನ್ನು ಬೋರಲು ಮಲಗಿಸಿ ಅಲ್ಲೇ ಕೂತರು. ಅಜ್ಜ ಉಳಿದರು. ಆ ಒಂದು ಗಂಟೆ ಅಂಗಳದಲ್ಲಿ ಕೂತಿದ್ದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ನಾನೇ ಅವರ ವರದಿಗೆ ಸಹಿ ಹಾಕುತ್ತಿದ್ದವಳು, ಹುಡುಕಿ ನೋಡಿದ್ದೇನೆ.

ಅಂದಹಾಗೆ ಅತ್ತೆ ಅವತ್ತು ಒಳಗಿನಿಂದ ಒಂದು ಲೋಟ ನೀರು ತಂದುಕೊಟ್ಟರು. ಮಾತಾಡಲಿಲ್ಲ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಸುಮಾರು 10 ಲಕ್ಷ ಆಶಾ ಕಾರ್ಯಕರ್ತೆಯರಿಗೆ ಒಟ್ಟಾಗಿ ಪ್ರಶಸ್ತಿ ಕೊಟ್ಟಿತು. ನನಗೆ ಖುಷಿ ತಡೆಯಲಾಗದೆ ಇವರಿಗೇ ಮೊದಲು ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಒಳ್ಳೇದಾಯ್ತು ಮೇಡಂ," ಅಂದರು. "ಆಕ್ಸಿಮೀಟರಿನ ಸೆಲ್ಲು ಮುಗಿದು ತಿಂಗಳಾಯ್ತು. ಈ ಸಲನೂ ನಾನೇ ತಗೋಬೇಕಾ?"