ಬನವಾಸಿಗೆ ಬಂದವರು ನಂದಿ ನೋಡಿ ವಾಪಸ್ ಹೋಗಬೇಡಿ

ಶಿರಸಿಯಿಂದ ಬನವಾಸಿಗೆ ಸುಮಾರು 23 ಕಿಲೋಮೀಟರ್. ಅಡಿಕೆ ತೋಟ ಮುಗಿದು ಗದ್ದೆ ಶುರುವಾಯ್ತು ಅಂದ್ರೆ ಊರು ಬಂತು ಅಂತಲೇ ಲೆಕ್ಕ. ಮಲೆನಾಡು ಇಲ್ಲಿ ಮೆಲ್ಲಗೆ ಬಯಲಾಗುತ್ತದೆ.

ಇದೇ ಮಧುಕೇಶ್ವರ ದೇವಸ್ಥಾನ. ಬಾಗಿಲಲ್ಲಿ ಎರಡು ಕಲ್ಲಾನೆ. ಒಳಗೆ ಕಾಲಿಟ್ಟವರೆಲ್ಲ ಸೀದಾ ನಂದಿ ಹತ್ತಿರ ಹೋಗುತ್ತಾರೆ. ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಕ್ಕದ ಗುಡಿಯ ಪಾರ್ವತಿ ಕಡೆ ಅಂತ ಹೇಳೋದು ಕೇಳಿ, ಒಂದು ರೀಲ್ ಮಾಡಿ ಹೊರಡುತ್ತಾರೆ. ನಂದಿ ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಬನವಾಸಿ ಅಷ್ಟೇ ಅಲ್ಲ.

ಈ ಕಲ್ಲು ನೋಡಿ. ಐದು ಹೆಡೆಯ ನಾಗ. ಕಲ್ಲಿನ ಅಂಚಲ್ಲಿ ಸಾಲಾಗಿ ಕಾಣ್ತಿದೆಯಲ್ಲ, ಅದು ಬ್ರಾಹ್ಮಿ ಅಕ್ಷರ, ಭಾಷೆ ಪ್ರಾಕೃತ. ಮಯೂರಶರ್ಮ ಕದಂಬ ರಾಜ್ಯ ಕಟ್ಟಿದ್ದು ಸುಮಾರು ಕ್ರಿ.ಶ. 345ರಲ್ಲಿ. ಈ ಕಲ್ಲು ಅದಕ್ಕೂ ಹಿಂದಿನದು, ಚುಟು ಅರಸರ ಕಾಲದ್ದು. ರಾಜನ ಮಗಳು ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿಕೊಟ್ಟಳು ಅಂತ ಬರೆದಿದೆ. ವಿಹಾರ ಅಂದ್ರೆ ಬೌದ್ಧರದ್ದು, ಅಲ್ವಾ? ಅದರ ಮಾತು ಇರುವ ಕಲ್ಲು ಈಗ ಶಿವನ ಅಂಗಳದಲ್ಲಿದೆ. ಕೆತ್ತಿದವನ ಹೆಸರೂ ಇದೆ: ನಟಕ. ರಾಜಕುಮಾರಿ ಜೊತೆಗೆ ಶಿಲ್ಪಿಯ ಹೆಸರೂ ಉಳೀತಲ್ಲ, ನನಗೆ ಅದೇ ಖುಷಿ.

ಒಬ್ಬ ರಾಜ ಕಟ್ಟಿ ಮುಗಿಸಿದ ದೇವಸ್ಥಾನ ಅಲ್ಲ ಇದು. ಗರ್ಭಗುಡಿ ಸಾದಾ, ಆಡಂಬರ ಇಲ್ಲ. ಒಳಗೆ ಜೇನಿನ ಬಣ್ಣದ ಲಿಂಗ. ಅಲ್ಲಿ ಕ್ಯಾಮೆರಾ ಆಫ್ ಮಾಡಿದ್ದೆ. ಮುಂದಿನ ಮಂಟಪ ಚಾಲುಕ್ಯರ ಕಾಲದ ಕೆಲಸ. ಕಂಬಗಳನ್ನು ಎಷ್ಟು ನುಣುಪು ಮಾಡಿದ್ದಾರೆ ಅಂದ್ರೆ, ಕನ್ನಡಿ ಹಾಗೆ ನಮ್ಮ ನೆರಳು ಕಾಣುತ್ತದೆ. ಅದಾದ ಮೇಲೆ ಶಿರಸಿ ಹತ್ತಿರದ ಸೋದೆಯ ಅರಸರು ಬಂದರು, ಕಲ್ಲಿನ ಮಂಚ ಕೊಟ್ಟರು. ದೂರದಿಂದ ಮರಗೆಲಸ ಅಂತಲೇ ಅನಿಸುತ್ತದೆ. ಹತ್ತಿರ ಹೋದರೆ, ಅಷ್ಟೂ ಕಲ್ಲು! ಪಕ್ಕದಲ್ಲಿ ಅರ್ಧ ಗಣಪತಿನೂ ಇದ್ದಾನೆ. ಉಳಿದರ್ಧ ಕಾಶಿಯಲ್ಲಿದೆ ಅಂತ ಜನ ಹೇಳುತ್ತಾರೆ.

ಈಗ ಹೊಳೆ ಕಡೆ ಹೋಗೋಣ. ಇದು ವರದಾ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಊರನ್ನು ಮೂರು ಕಡೆ ಬಳಸಿಕೊಂಡು ಹೋಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಘಟ್ಟ ಇಳಿದು ಸಮುದ್ರಕ್ಕೆ ಓಡುತ್ತವೆ. ವರದೆಗೆ ಸಮುದ್ರದ ಗೊಡವೆಯೇ ಇಲ್ಲ. ಹಾವೇರಿ ಕಡೆ ತಿರುಗಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಕದಂಬರು ಇಲ್ಲೇ ಯಾಕೆ ರಾಜಧಾನಿ ಮಾಡಿದರು ಅನ್ನೋದಕ್ಕೆ ನನ್ನ ಲೆಕ್ಕ ಇಷ್ಟೇ: ಮೂರು ಕಡೆ ಹೊಳೆಯ ಕಾವಲು, ಊಟಕ್ಕೆ ಗದ್ದೆ, ಬೆನ್ನಿಗೆ ಕಾಡು. ಇನ್ನೇನು ಬೇಕು?

ಬರೋದಾದ್ರೆ ಮಳೆಗಾಲ ಕಳೆದ ಮೇಲೆ ಬನ್ನಿ. ಜೋರು ಮಳೆಗೆ ವರದೆ ಗದ್ದೆಗೇ ನುಗ್ಗುತ್ತದೆ, ಆಗ ನೀರಿನ ಹತ್ತಿರ ಸಾಹಸ ಬೇಡ. ಕದಂಬೋತ್ಸವಕ್ಕೆ ಬಂದರೆ ಕಾರ್ಯಕ್ರಮ ನೋಡಬಹುದು, ಶಿಲ್ಪ ನೋಡೋಕೆ ಮಾತ್ರ ರಶ್ ಜಾಸ್ತಿ. ಬನವಾಸಿ ಸೀಮೆಯ ಅನಾನಸ್ ದೆಹಲಿ ತನಕ ಲಾರಿ ಹತ್ತುತ್ತದೆ. ಸೀಸನ್‌ನಲ್ಲಿ ಇಲ್ಲಿಗೇ ಬಂದು ಎರಡು ಹಣ್ಣು ಒಯ್ಯದೇ ಹೋದರೆ ಮನೆಯವರು ಸುಮ್ನೆ ಬಿಡ್ತಾರಾ?